ಮನೆಗಳನ್ನೂ ದೇಗುಲಗಳನ್ನೂ ಕಟ್ಟಿದವರು

ಐಹೊಳೆಯನ್ನು ನಾವು ಮೊದಲು ಕಂಡುದು 1976ರಲ್ಲಿ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ನಮ್ಮನ್ನು ಗುರುಗಳು ಬಸ್ಸಿನಲ್ಲಿ ಕರೆದೊಯ್ದಿದ್ದರು. ಆಗ ನಮ್ಮ ಸೀಮೆಯೆಲ್ಲ ವಿಜಾಪುರ ಜಿಲ್ಲೆಗೆ ಸೇರಿತ್ತು; ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮೇಗುತಿ ಗುಡ್ಡದ ಮೇಲೆ ನಿಂತು ರವಿಕೀರ್ತಿಯ ಶಾಸನದ ಶ್ಲೋಕಗಳನ್ನು ಬಾಯಿಪಾಠವಾಗಿ ಒಪ್ಪಿಸಿ ಗುರುಗಳಿಂದ ಭೇಷ್ ಎನಿಸಿಕೊಂಡ ಹೆಮ್ಮೆಯೊಂದೇ ಆ ಪ್ರವಾಸದಿಂದ ನಮ್ಮಲ್ಲಿ ಉಳಿದಿತ್ತು. ಶಾಸನವನ್ನು ನೋಡಿದ್ದೆವು, ಊರನ್ನು ನೋಡಿರಲಿಲ್ಲ. ಈ ಮಾತು ತಿಳಿಯುವುದಕ್ಕೆ ಸುಮಾರು ಐವತ್ತು ವರ್ಷ ಬೇಕಾದವು.

ಕಳೆದ ಮಾಘಮಾಸದಲ್ಲಿ ಹುನ್ನೂರಿನಿಂದ ನಸುಕಿನಲ್ಲಿಯೇ ಹೊರಟೆವು. ಅಳಿಯಂದಿರು ಕಾರು ನಡೆಸುತ್ತಿದ್ದರು. ಪ್ರೌಢಶಾಲೆಯಲ್ಲಿ ಓದುವ ಮೊಮ್ಮಗ ನಮ್ಮ ಪಕ್ಕದಲ್ಲಿ ಕುಳಿತಿದ್ದ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರುಗಳ ಬುತ್ತಿಯನ್ನು ಮನೆಯವರು ಕಟ್ಟಿಕೊಟ್ಟಿದ್ದರು. ಜಮಖಂಡಿ, ಮುಧೋಳಗಳನ್ನು ದಾಟುವವರೆಗೆ ಕಬ್ಬಿನ ಹಸಿರು, ಎರೆಯ ಕಪ್ಪು. ಲೋಕಾಪುರದ ಸುಣ್ಣಗಲ್ಲಿನ ನೆಲವನ್ನು ಹಿಂದಿಕ್ಕಿ ಬಾದಾಮಿಯನ್ನು ಸಮೀಪಿಸಿದಂತೆ ಭೂಮಿಯು ಬಣ್ಣವನ್ನೇ ಬದಲಿಸಿ, ಕೆಂಪು ಮರಳುಗಲ್ಲಿನ ಬಂಡೆಗಳು ಎದ್ದು ನಿಲ್ಲುತ್ತವೆ.

ದಾರಿಯಲ್ಲಿ ಮೊಮ್ಮಗ ತನ್ನ ಮೊಬೈಲಿನಲ್ಲಿ ಬೋಸ್ನಿಯಾ ದೇಶದ ಮೋಸ್ತಾರ್ ಪಟ್ಟಣದ ಚಿತ್ರವನ್ನು ತೋರಿಸಿದನು. ನೆರೆತ್ವಾ ನದಿಯ ಮೇಲೆ 1566ರಲ್ಲಿ ಕಟ್ಟಿದ ಒಂದೇ ಕಮಾನಿನ ಕಲ್ಲುಸೇತುವೆ. 1993ರ ಯುದ್ಧದಲ್ಲಿ ಗುಂಡಿನ ದಾಳಿಗೆ ಅದು ನದಿಗೆ ಬಿದ್ದಿತು. ಅದೇ ಸೀಮೆಯ ಕಲ್ಲನ್ನು ಕಡಿದು, ಹಳೆಯ ರೀತಿಯಲ್ಲಿಯೇ ಮತ್ತೆ ಕಟ್ಟಿ, 2004ರಲ್ಲಿ ಜನಸಂಚಾರಕ್ಕೆ ತೆರೆದರಂತೆ. ‘ಅದನ್ನ ಕಟ್ಟಿದ ಮೇಸ್ತ್ರಿ ಹೆಸರು ಹೈರುದ್ದೀನ್ ಅಂತ ಮುತ್ಯಾ’ ಎಂದನು. ಸೇತುವೆ ಚೆನ್ನಾಗಿದೆ ಎಂದಷ್ಟೇ ಹೇಳಿ ನಾವು ಕಣ್ಣು ಮುಚ್ಚಿದೆವು. ಮೇಸ್ತ್ರಿಯ ಹೆಸರು ನಮ್ಮ ಕಿವಿಯ ಮೇಲೆ ಬಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ.

ಬಾದಾಮಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮಂಗಲೇಶನು ಮಾಡಿಸಿದ, 578ರ ಮೂರನೆಯ ಗುಹೆಯನ್ನು ಹುಡುಗನಿಗೆ ತೋರಿಸಿ ಪಟ್ಟದಕಲ್ಲಿಗೆ ನಡೆದೆವು. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳವದು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಹೆಬ್ಬಾಗಿಲಲ್ಲಿ ಶಾಸನವಿದೆ. ಅರಸನ ವಿಜಯವನ್ನು ಹೇಳುವ ಆ ಶಾಸನವು ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ, ಅವನಿಗೆ ದೊರೆತ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ಹೇಳುತ್ತದೆ. ಅರಸ, ರಾಣಿ, ಕಲ್ಲುಕೆಲಸದ ಆಚಾರಿ ಮೂವರೂ ಒಂದೇ ಬರಹದಲ್ಲಿ ಕೂಡಿ ಕುಳಿತಿದ್ದಾರೆ. ಈ ಶಾಸನದ ಪಾಠವನ್ನು ನಾವು ಹಿಂದೆ ಓದಿದ್ದೆವು. ಓದಿದಾಗ ಕಂಚಿಯ ವಿಜಯವನ್ನು ಗುರುತು ಹಾಕಿಕೊಂಡಿದ್ದೆವು, ಆಚಾರಿಯನ್ನಲ್ಲ.

ಮಧ್ಯಾಹ್ನ ಬಾಗುವ ಹೊತ್ತಿಗೆ ಐಹೊಳೆಯನ್ನು ಸೇರಿದೆವು. ಮಲಪ್ರಭೆಯ ದಡದ ಈ ಸಣ್ಣ ಊರಿನ ಒಳಗೂ ಸುತ್ತಲೂ ನೂರಕ್ಕೂ ಮಿಕ್ಕಿ ಗುಡಿಗಳಿವೆ. ಇಲ್ಲಿನ ವರ್ತಕರ ಸಂಘವಾದ ‘ಅಯ್ಯಾವೊಳೆಯ ಐನೂರ್ವರು’ ತಮಿಳುನಾಡು, ಸಿಂಹಳದವರೆಗೆ ವ್ಯಾಪಾರವನ್ನು ಹಬ್ಬಿಸಿದ್ದರೆಂಬುದಕ್ಕೆ ಶಾಸನಗಳ ಸಾಕ್ಷ್ಯವುಂಟು. ಗುಡಿಗಳ ಹೆಸರುಗಳನ್ನು ಗಮನಿಸಬೇಕು: ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಲಾಡಖಾನ ಗುಡಿ. ಇವು ದೇವರ ಹೆಸರುಗಳಲ್ಲ. ಪೂಜೆ ನಿಂತುಹೋದ ಮೇಲೆ ಆ ಗುಡಿಗಳಲ್ಲಿಯೋ ಅವುಗಳ ಮಗ್ಗುಲಲ್ಲಿಯೋ ಬದುಕಿದ ಒಕ್ಕಲುಗಳ ಗುರುತುಗಳು. ದುರ್ಗದ ಗುಡಿಯ ಹೆಸರು ಕೂಡ ದುರ್ಗಾದೇವಿಯಿಂದ ಬಂದುದಲ್ಲ, ಅಲ್ಲಿದ್ದ ಕೋಟೆಯಿಂದ, ಅಂದರೆ ದುರ್ಗದಿಂದ ಬಂದುದು.

ಲಾಡಖಾನ ಗುಡಿಯಲ್ಲಿ ನಾವು ಬಹಳ ಹೊತ್ತು ಕುಳಿತೆವು. ಲಾಡಖಾನನೆಂಬ ಮುಸಲ್ಮಾನ ಗೃಹಸ್ಥನೊಬ್ಬನು ಒಂದು ಕಾಲಕ್ಕೆ ಇದನ್ನೇ ಮನೆ ಮಾಡಿಕೊಂಡಿದ್ದನು. ಶಿವನ ಗುಡಿಗೆ ಅವನ ಹೆಸರೇ ನಿಂತಿತು. ಇದರ ಮಾಡು ಮನೆಯ ಮಾಡಿನಂತೆ ಇಳಿಜಾರು. ಚಪ್ಪಡಿ ಚಪ್ಪಡಿಗಳ ಸಂದಿನಿಂದ ನೀರಿಳಿಯದಂತೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ. ದೂರದಿಂದ ಅವು ಮರದ ದಿಮ್ಮಿಗಳಂತೆ ತೋರುತ್ತವೆ. ಗಾರೆ ಇಲ್ಲ, ಅಂಟು ಇಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ಮರದ ಮನೆಯನ್ನು ಕಟ್ಟಿ ಬಲ್ಲ ಕೈಗಳು ಕಲ್ಲಿಗೆ ಬಂದಾಗ ತಮ್ಮ ಹಳೆಯ ವಿದ್ಯೆಯನ್ನು ಬಿಡದೆ ತಂದ ಪರಿ ಇದು.

ಗುಡಿಯಿಂದ ಹೊರಬಿದ್ದು ಓಣಿಯಲ್ಲಿ ನಡೆಯುವಾಗ ಮನೆಯೊಂದರ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಜೋಳ ಹಸನು ಮಾಡುತ್ತ ಕುಳಿತಿದ್ದಳು. ನೀರು ಕೇಳಿದೆವು, ತಂಬಿಗೆಯಲ್ಲಿ ತಂದಿತ್ತಳು. ಮಾತು ಊರನ್ನು ಸ್ಥಳಾಂತರಿಸುವ ವಿಚಾರಕ್ಕೆ ಹೊರಳಿತು. ಸ್ಮಾರಕಗಳ ರಕ್ಷಣೆಗಾಗಿ ಒಕ್ಕಲುಗಳನ್ನು ಬೇರೆಡೆಗೆ ಒಯ್ಯಬೇಕೆಂಬ ಮಾತು ದಶಕಗಳಿಂದಲೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಹೆಜ್ಜೆಗೊಂದು ಗುಡಿಯಿರುವ ಊರಿನಲ್ಲಿ ಇದರ ಅರ್ಥವೇನೆಂಬುದನ್ನು ಓದುಗರು ಊಹಿಸಬಹುದು. ಮಗನಿಗೆ ಮದುವೆಯಾದರೆ ಒಂದು ಕೋಣೆ ಏರಿಸಲಾಗದು.

‘ಗುಡಿ ಉಳೀಬೇಕ ಅಂತಾರ್ರಿ ಎಲ್ಲಾರೂ. ಖರೇ ಐತಿ, ಉಳೀಲಿ. ಇಷ್ಟ ದಿನ ಗುಡಿ ಕಾಯ್ದವರು ನಾವು ಅಲ್ಲೇನ್ರಿ?’ ಎಂದಳು ಆಕೆ.

ಉತ್ತರ ಕೊಡುವ ವಿದ್ಯೆ ನಮ್ಮಲ್ಲಿರಲಿಲ್ಲ. ಕಂಬಕ್ಕೆ ದನ ಕಟ್ಟಿ, ಒಲೆಯ ಹೊಗೆಯಿಂದ ಮೂರ್ತಿಗಳನ್ನು ಮಸಿ ಮಾಡಿದುದೂ ಈ ಬದುಕೇ. ಗುಡಿಗಳನ್ನು ಹಾಳುಬೀಳದಂತೆ ಜನಸಂಚಾರದಲ್ಲಿ ಇರಿಸಿದುದೂ ಇದೇ ಬದುಕು. ಕಲ್ಲನ್ನು ಉಳಿಸುವವರು ಸರಿ, ಮುದುಕಿಯೂ ಸರಿ. ಇಬ್ಬರನ್ನೂ ಕೂಡಿಸಿ ಕೇಳದೆ ತೀರುವ ಪ್ರಶ್ನೆ ಇದಲ್ಲವೆಂದು ಮಾತ್ರ ಹೇಳಬಲ್ಲೆವು. ಮೋಸ್ತಾರಿನವರು ಕಲ್ಲಿನ ಜೊತೆಗೆ ಎರಡು ದಡಗಳ ನಡುವಿನ ಜನರ ಓಡಾಟವನ್ನೂ ಮರಳಿ ಪಡೆದರೆಂಬುದು ಆಗ ನೆನಪಾಯಿತು.

ಐಹೊಳೆಯ ಗುಡಿಯೊಂದರ ಮೇಲೆ ನರಸೊಬ್ಬನೆಂಬ ಶಿಲ್ಪಿಯನ್ನು ಕೊಂಡಾಡುವ ಚಿಕ್ಕ ಶಾಸನವಿದೆ. ಮನೆಗಳನ್ನೂ ದೇಗುಲಗಳನ್ನೂ ಕಟ್ಟುವುದರಲ್ಲಿ ಅವನಿಗೆ ಸಮನಾದವನು ಈ ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಇರಲಾರನೆಂಬುದು ಅದರ ತಾತ್ಪರ್ಯ. ಗುಡ್ಡದ ಮೇಲೆ ರವಿಕೀರ್ತಿಯು 634ರಲ್ಲಿ ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡನು. ಅದನ್ನು ನಾವು ಬಾಯಿಪಾಠ ಮಾಡಿದೆವು. ಗುಡ್ಡದ ಕೆಳಗಿನ ಈ ಕಲ್ಲುಕೆಲಸದವನನ್ನು ನಮಗೆ ಯಾರೂ ಓದಿಸಲಿಲ್ಲ. ನಾವೂ ಮುಂದೆ ನಮ್ಮ ವಿದ್ಯಾರ್ಥಿಗಳಿಗೆ ಓದಿಸಲಿಲ್ಲ. ದೇಗುಲಗಳಿಗಿಂತ ಮೊದಲು ‘ಮನೆ’ಗಳನ್ನು ಹೇಳಿದ ಆ ಮಾತನ್ನು ಮೊಮ್ಮಗನಿಗೆ ಬಿಡಿಸಿ ಹೇಳಿದೆವು. ಅವನು ತುಸು ಯೋಚಿಸಿ ಕೇಳಿದನು:

‘ಮುತ್ಯಾ, ನಮ್ಮ ಹಳೀ ಮನಿ ಯಾರು ಕಟ್ಟಿದ್ರು?’

‘ನಮ್ಮ ಅಜ್ಜಾರು ಕಟ್ಟಿಸಿದರು.’

‘ಕಟ್ಟಿಸಿದವರಲ್ಲ, ಕಟ್ಟಿದವರು.’

ಅಮೀನಗಡದಲ್ಲಿ ಕರದಂಟು ಕೊಳ್ಳುವಾಗಲೂ, ಬಾಗಲಕೋಟೆಯ ದಾರಿ ಹಿಡಿದು ಹಿಂದಿರುಗುವಾಗಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಜಮಖಂಡಿ ಸಂಸ್ಥಾನದ ಕಾಲದಲ್ಲಿ ಕಟ್ಟಿದ ಮನೆ ಅದು. ಎರಡು ಮೊಳ ದಪ್ಪದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಬೇಸಗೆಯಲ್ಲಿಯೂ ತಣ್ಣಗಿರುತ್ತಿದ್ದ ಪಡಸಾಲೆ. 2009ರ ಅತಿವೃಷ್ಟಿಯಲ್ಲಿ ಮಾಳಿಗೆ ಸೋರಿತು. ದುರಸ್ತಿ ಮಾಡಿಸಬಹುದಾಗಿತ್ತು, ಮಾಡಿಸಲಿಲ್ಲ. ಕಲ್ಲುಗಳನ್ನು ಟ್ರ್ಯಾಕ್ಟರಿನ ಲೆಕ್ಕದಲ್ಲಿ ಮಾರಿ ಸಿಮೆಂಟಿನ ಮನೆ ಕಟ್ಟಿಸಿದೆವು. ಬಾಗಿಲ ಮೇಲೆ ನುಣುಪಾದ ಕಲ್ಲಿನಲ್ಲಿ ನಮ್ಮ ಹೆಸರನ್ನು ಪದವಿಗಳ ಸಹಿತ ಕೆತ್ತಿಸಿದೆವು. ನಲವತ್ತು ವರ್ಷ ಕಾಯಕದ ಮಹಿಮೆಯನ್ನು ಪ್ರವಚನ ಮಾಡಿದ ಬಾಯಿ ನಮ್ಮದು.

ಮರುದಿನ ಓಣಿಯ ಹಿರಿಯರೊಬ್ಬರನ್ನು ಕಂಡು ವಿಚಾರಿಸಿದೆವು. ತೊಂಬತ್ತು ದಾಟಿದ ಅವರಿಗೆ ಆ ಕೆಲಸದ ನೆನಪಿತ್ತು. ಕಲ್ಲು ಕೆತ್ತುವವನು ಕೃಷ್ಣೆಯ ಆಚೆಯ ದಡದಿಂದ ಬಂದಿದ್ದನಂತೆ. ಕೂಲಿಯನ್ನು ಜೋಳದಲ್ಲಿ ಅಳೆದು ಕೊಡುತ್ತಿದ್ದರಂತೆ. ಹೆಸರು ಮಾತ್ರ ತಿಳಿಯದು. ಎಲ್ಲರೂ ಅವನನ್ನು ಕಸುಬಿನಿಂದಲೇ ಕರೆಯುತ್ತಿದ್ದರು. ಸ್ವಲ್ಪ ತಡೆದು ಹಿರಿಯರು ಇನ್ನೊಂದು ಮಾತು ಹೇಳಿದರು: ‘ಮನಿ ಮುಗಿಯೂತನಾ ಒಳಗ ಹೊರಗ ಅಡ್ಡಾಡ್ತಿದ್ದ. ಬಾಗಲಾ ಕೂಡಿಸಿದ ಮ್ಯಾಲ ಅವನ ಊಟ ಹೊರಗ, ಕಟ್ಟಿ ಮ್ಯಾಲ.’

ತಾನು ನಿಲ್ಲಿಸಿದ ಹೊಸ್ತಿಲನ್ನು ತಾನೇ ದಾಟಲಾರದೆ ಹೋದನು. ಬಸವಾದಿ ಶರಣರ ಹೆಸರು ಹೇಳಿ ಉಣ್ಣುವ ಮನೆಯಲ್ಲಿ ನಡೆದ ಸಂಗತಿ ಇದು. ಅಜ್ಜನವರನ್ನು ದೂಷಿಸಲು ಈ ಮಾತು ಬರೆಯುತ್ತಿಲ್ಲ. ಅವರು ಊಟವನ್ನಾದರೂ ಇಟ್ಟರು. ನಾವು ಅವನ ಕಲ್ಲುಗಳನ್ನೇ ಮಾರಿದೆವು. ಈಗ ಉಳಿದಿರುವುದು ದನದ ಕೊಟ್ಟಿಗೆಯ ಬಳಿ ಬಟ್ಟೆ ಒಗೆಯಲು ಹಾಕಿದ ಒಂದು ಕಲ್ಲು. ಅದನ್ನು ಮಗುಚಿ ನೋಡಿದೆವು. ಕೆಳಮಗ್ಗುಲಲ್ಲಿ ಉಳಿಯ ಏಟುಗಳು ಸಾಲು ಹಿಡಿದು, ಒಂದೇ ಓರೆಯಲ್ಲಿ, ಇನ್ನೂ ಹೊಸದಾಗಿಯೇ ಇದ್ದವು.

ಹಳೆಯ ಮನೆಯನ್ನು ಕಟ್ಟಿದವನ ಹೆಸರು ಇನ್ನು ಸಿಗಲಾರದು. ಆದರೆ 2009ರ ಮನೆಯನ್ನು ಕಟ್ಟಿದ ಗೌಂಡಿ ಜಮಖಂಡಿಯಲ್ಲಿದ್ದಾರೆ. ಅವರನ್ನು ಕರೆಯಿಸಿ, ಪಡಸಾಲೆಯಲ್ಲಿ ನಮ್ಮ ಪಂಕ್ತಿಯಲ್ಲಿಯೇ ಕುಳ್ಳಿರಿಸಿಕೊಂಡು ಪ್ರಸಾದ ಸ್ವೀಕರಿಸಿದೆವು. ಬಾಗಿಲ ಮೇಲೆ ಅವರ ಹೆಸರನ್ನೂ ಕೆತ್ತಿಸುವೆವೆಂದಾಗ ಅವರು ನಕ್ಕುಬಿಟ್ಟರು. ‘ನನ್ನ ಹೆಸರ ಯಾಕ್ರಿ ಅಪ್ಪಾರ? ನಾ ಪಗಾರ ತಗೊಂಡೀನಲ್ರಿ’ ಎಂದರು. ನರಸೊಬ್ಬನ ಕಥೆ ಹೇಳಿದೆವು. ಸುಮ್ಮನೆ ಕೇಳಿದರು. ಹೋಗುವಾಗ ಬಾಗಿಲಲ್ಲಿ ನಿಂತು ಚೌಕಟ್ಟಿನ ಮೇಲೊಮ್ಮೆ ಕೈಯಾಡಿಸಿ, ಮೂಲೆಯೊಂದು ಕಿತ್ತಿದೆ, ಬರುವ ವಾರ ಬಂದು ಸರಿಮಾಡುವೆನೆಂದು ಹೇಳಿ ಹೋದರು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಐಹೊಳೆ, ಪಟ್ಟದಕಲ್ಲುಗಳಿಗೆ ಅಗತ್ಯವಾಗಿ ಹೋಗಿಬನ್ನಿ. ಹೋಗುವ ಮುನ್ನ ನಿಮ್ಮ ಮನೆಯನ್ನು ಕಟ್ಟಿದವರಾರೆಂದು ಹಿರಿಯರನ್ನು ಕೇಳಿಕೊಳ್ಳಿ. ಹೇಳುವವರು ಇರುವಾಗಲೇ ಕೇಳಿಕೊಳ್ಳಿ.