ಅನುಮೋದನೆಯ ಪ್ರಶ್ನೆ

ಐವತ್ತು ವರ್ಷ ತಪ್ಪದೆ ಬಸದಿಯ ಮೆಟ್ಟಿಲೇರಿದ ಆ ಹಿರಿಯ ಶ್ರಾವಕರ ಬಲಗಾಲಿನ ಹೆಬ್ಬೆರಳು ಕಪ್ಪಾಗತೊಡಗಿತು. ಮಧುಮೇಹದಿಂದ ಕಾಲಿನ ರಕ್ತನಾಳಗಳು ಮುಚ್ಚಿಹೋಗಿದ್ದವು. ಅವರದೇ ಅಸ್ಥಿಮಜ್ಜೆಯ ಜೀವಕೋಶಗಳನ್ನು ಕಾಲಿಗೆ ಚುಚ್ಚಿ ಹೊಸ ನಾಳಗಳನ್ನು ಚಿಗುರಿಸುವ, ಇನ್ನೂ ಪ್ರಯೋಗದ ಹಂತದಲ್ಲಿರುವ ಚಿಕಿತ್ಸೆಯೊಂದನ್ನು ವೈದ್ಯರು ಸೂಚಿಸಿದರು. ತನ್ನ ದೇಹವೇ ತನಗೆ ಔಷಧವಾದರೆ ಹಿಂಸೆಗೆ ಎಡೆಯೆಲ್ಲಿ ಎಂದು ಅವರಿಗೆ ಮೊದಲು ಸಮಾಧಾನವೇ ಆಯಿತು. ಆದರೆ ನೀರನ್ನೂ ಸೋಸಿ ಕುಡಿಯುವ ಮನೆತನವದು. ಜೀವವಿಜ್ಞಾನ ಓದಿದ ಮೊಮ್ಮಗಳನ್ನು ಕರೆದು, "ಮಗಾ, ಇದು ಬಂದ ದಾರಿ ಯಾವುದು, ಏನನ್ನೂ ಬಿಡದೆ ಹೇಳು" ಎಂದರು.

ಅವಳು ಮರೆಮಾಚಲಿಲ್ಲ. ವಯಸ್ಕರ ದೇಹದಲ್ಲಿ ಹೊಸ ನಾಳಗಳು ಹಳೆಯ ನಾಳಗಳಿಂದ ಮಾತ್ರ ಕವಲೊಡೆಯುತ್ತವೆಂದು ವಿಜ್ಞಾನಿಗಳು ನಂಬಿದ್ದರು. 1997ರಲ್ಲಿ ಬಾಸ್ಟನ್ನಿನ ತಕಯುಕಿ ಅಸಹಾರ, ಜೆಫ್ರಿ ಇಸ್ನರ್ ಮತ್ತು ಸಂಗಡಿಗರು, ನಾಳದ ಒಳಪದರವಾಗಬಲ್ಲ ಪೂರ್ವಕೋಶಗಳು ರಕ್ತದಲ್ಲಿಯೇ ಸಂಚರಿಸುತ್ತವೆಂದು ಪ್ರಕಟಿಸಿದರು. ಅದನ್ನು ತೋರಿಸಲು ಇಲಿ, ಮೊಲಗಳ ಹಿಂಗಾಲಿನ ರಕ್ತಸಂಚಾರವನ್ನು ಬುದ್ಧಿಪೂರ್ವಕವಾಗಿ ಕಡಿದುಹಾಕಲಾಗಿತ್ತು. ಅಂದು ಆ ಹೆಸರು ಪಡೆದ ಕೋಶಗಳಲ್ಲಿ ಅನೇಕವು ನಾಳ ಕಟ್ಟುವವಲ್ಲ, ಕಟ್ಟುವವಕ್ಕೆ ನೆರವಾಗುವ ಬಿಳಿರಕ್ತಕಣಗಳೆಂದು ಮುಂದೆ ತಿಳಿಯಿತು. ನಿಜವಾಗಿ ಕಟ್ಟುವವು ರಕ್ತದಲ್ಲಿ ಅತಿ ವಿರಳ. ಆದುದರಿಂದ ಅವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬೇಕು. ಬೆಳೆಸಲು ಬಹುಕಾಲದಿಂದ ಬಳಕೆಯಲ್ಲಿರುವುದು ಕಸಾಯಿಖಾನೆಯಲ್ಲಿ ಕೊಂದ ಗರ್ಭಿಣಿ ಹಸುವಿನ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ಪಡೆದ ಸೀರಂ.

ಹಿರಿಯರು ಆ ರಾತ್ರಿ ನಿದ್ರಿಸಲಿಲ್ಲ. ಕೃತ, ಕಾರಿತ, ಅನುಮೋದಿತ: ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು. ಮೊಲದ ನೋವು ಎಂದೋ ಸಂದುಹೋದುದು, ತಾವು ಬೇಡವೆಂದರೂ ಅದು ಮರಳದು. ಸೀರಂ ಹಾಗಲ್ಲ. ಇಂದು ಕೊಂಡ ಒಂದು ಸೀಸೆ ನಾಳೆ ಇನ್ನೊಂದಕ್ಕೆ ಬೇಡಿಕೆ; ಅದು ಅನುಮೋದನೆಯನ್ನು ದಾಟಿ ಕಾರಿತವೇ ಆಗುತ್ತದೆ. ಈ ವಿಂಗಡಣೆ ವಕೀಲಿಯಂತೆ ಕಂಡೀತು; ಆದರೆ ಗೃಹಸ್ಥನ ಅಣುವ್ರತ ಬದುಕುವುದೇ ಇಂಥ ವಿಂಗಡಣೆಗಳಲ್ಲಿ.

ದಾನಿಗಳ ರಕ್ತದ ಕಿರುಬಿಲ್ಲೆಗಳಿಂದ ತೆಗೆದ ಸಾರದಲ್ಲಿಯೂ ಕೋಶಗಳನ್ನು ಬೆಳೆಸಬಹುದು. 2002ರಲ್ಲಿ ಜಪಾನಿನ ವೈದ್ಯರು ವರದಿ ಮಾಡಿದಂತೆ, ಬೆಳೆಸದೆಯೇ ಮಜ್ಜೆಯ ಕೋಶಗಳನ್ನು ನೇರವಾಗಿ ಕಾಲಿನ ಸ್ನಾಯುವಿಗೆ ಚುಚ್ಚಲೂಬಹುದು. 2015ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪರೀಕ್ಷೆಯಲ್ಲಿ ಮಜ್ಜೆಯ ಕೋಶಗಳನ್ನು ಧಮನಿಯ ಮೂಲಕ ಕೊಟ್ಟರೂ ಅಂಗಚ್ಛೇದಗಳು ಕಡಿಮೆಯಾಗಲಿಲ್ಲವೆಂಬುದನ್ನೂ ಮೊಮ್ಮಗಳು ಹೇಳಿದಳು.

ಸಮ್ಮತಿಪತ್ರದ ಅಂಚಿನಲ್ಲಿ ಅವರು ಸ್ವಹಸ್ತದಿಂದ ಬರೆದರು: ಕರುವಿನ ಸೀರಂ ಬಳಸುವುದಾದರೆ ಚಿಕಿತ್ಸೆ ಬೇಡ. ಇಂಥ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಉತ್ತರಕ್ಕೆ ಎರಡು ದಿನ ಹಿಡಿಯಿತು. ಕೋಶಗಳನ್ನು ಬೆಳೆಸುವುದಿಲ್ಲ, ಅಂದೇ ತೆಗೆದು ಅಂದೇ ಚುಚ್ಚುತ್ತೇವೆ ಎಂದರು. ಅವರು ಒಪ್ಪಿದರು.

ಹುಣ್ಣು ಮಾಗಿತು, ಬೆರಳಿನ ತುದಿ ಉಳಿಯಲಿಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ಪಂಚೇಂದ್ರಿಯ ಜೀವಿಗಳ ಕ್ಷಮೆ ಬೇಡುವಲ್ಲಿ ಅವರೀಗ ತುಸು ತಡೆಯುತ್ತಾರೆ. ಕಾಣದ ಊರಿನ ಆ ಮೊಲಗಳು ನೆನಪಾಗುತ್ತವಂತೆ.