ರಾತ್ರಿ ಒಂಬತ್ತರ ದಿವಾನಜಿ

ಬೆಳಗಾವಿಯ ಶಹಾಪುರದ ಖಡೇಬಜಾರಿನ ಒಬ್ಬ ಸೀರೆ ಸಾಹುಕಾರರಿಗೆ ನಾನೊಂದು ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ರಾತ್ರಿ 9ಕ್ಕೆ ಅದು ತಾನೇ ಎದ್ದು, ಇವತ್ತು ಏನು ಮಾರಿತು, ಯಾರ ಬಾಕಿ ಎಷ್ಟು ಎಂದು ಡೇಟಾಬೇಸನ್ನು ಕೇಳುತ್ತದೆ. ಬಂದ ಉತ್ತರವನ್ನು ಎಕ್ಸೆಲ್ ಹಾಳೆಯಲ್ಲಿ ಇಳಿಸಿ, ಇಮೇಲಿಗೆ ಅಂಟಿಸಿ, ಕಳಿಸಿ ಮಲಗುತ್ತದೆ. ಸಂಬಳ ಕೇಳುವುದಿಲ್ಲ, ಎಲೆ-ಅಡಿಕೆಯನ್ನಂತೂ ಕೇಳುವುದೇ ಇಲ್ಲ.

ಮೊದಲು ಈ ಕೆಲಸ ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯವರದಾಗಿತ್ತು. 1948ರವರೆಗೆ ಸಾಂಗಲಿ ಸಂಸ್ಥಾನದಲ್ಲಿದ್ದ ಪೇಟೆ ಇದು. ಹಾಗಾಗಿ ದಿವಾನಜಿ ಎಣಿಸುತ್ತಿದ್ದುದು ಮರಾಠಿಯಲ್ಲಿ, ಬೈಯುತ್ತಿದ್ದುದು ಕನ್ನಡದಲ್ಲಿ. ಶಟರ್ ಅರ್ಧ ಇಳಿದ ಮೇಲೆ ಕೆಂಪು ಬಟ್ಟೆಯ ಕಿರ್ದಿ ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ನಡುನಡುವೆ, "ಖಾಸಬಾಗದವರು ಈ ತಿಂಗಳ ಕೊಡೂದಿಲ್ರಿ, ಮಗಳ ಮದಿವಿ ಐತಿ. ವಡಗಾವಿಯವರ ಮಗ್ಗ ಕೆಟ್ಟೈತಿ, ಕೇಳಾಕ ಹೋಗಬ್ಯಾಡ್ರಿ" ಎನ್ನುತ್ತಿದ್ದರು. ಸಾಹುಕಾರರು ಹೂಂ ಎನ್ನುತ್ತಿದ್ದರು. ಆ ಹೂಂಕಾರದಲ್ಲಿ ಎಷ್ಟೋ ಬಾಕಿಗಳು ಮುಂದಿನ ದೀಪಾವಳಿಗೆ ದಾಟಿಬಿಡುತ್ತಿದ್ದವು.

ನನ್ನ ಪ್ರೋಗ್ರಾಮಿಗೆ ಮದುವೆ-ಮುಂಜಿ ತಿಳಿಯದು. ಎಕ್ಸೆಲ್ಲಿಗೋ ತಿಳಿದದ್ದೇ ಹೆಚ್ಚು. ಸೀರೆಯ ಡಿಸೈನ್ ನಂಬರ್ 5-8 ಎಂದು ಸಾದಾ ಸಿಎಸ್‌ವಿ ಫೈಲಿನಲ್ಲಿ ಕಳಿಸಿದರೆ, ತೆರೆಯುವ ಹೊತ್ತಿಗೆ ಅದನ್ನು ತಾರೀಖು ಮಾಡಿ ಕೂರಿಸಿರುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆ ನಂಬರಿನ ತಲೆ ಹಾರಿಸುತ್ತದೆ. ಕನ್ನಡದ ಹೆಸರುಗಳು, ಫೈಲಿನ ಮೊದಲಿಗೆ ಯೂನಿಕೋಡಿನ ಗುರುತು ಇಲ್ಲದಿದ್ದರೆ, ಮಾಟದ ಚೀಟಿಯಂತೆ ಕಾಣುತ್ತವೆ. ಹೀಗಾಗಿ ಅಂಕಣ ಅಂಕಣಕ್ಕೂ "ಇದು ಅಕ್ಷರ, ಮುಟ್ಟಬೇಡ" ಎಂದು ಕೋಡಿನಲ್ಲೇ ಕಟ್ಟಪ್ಪಣೆ ಮಾಡಿ, ಎಕ್ಸೆಲ್ಲಿನದೇ ಫೈಲು ಕಟ್ಟಿಸುತ್ತೇನೆ. ಇದರಲ್ಲಿ ನಾಚಿಕೆಯೇನಿಲ್ಲ. ಮನುಷ್ಯನ ಜೀನುಗಳ ಹೆಸರನ್ನೂ ಎಕ್ಸೆಲ್ ಹೀಗೇ ತಾರೀಖು ಮಾಡುತ್ತಿತ್ತು. 2020ರಲ್ಲಿ ವಿಜ್ಞಾನಿಗಳು ಸೋತು ಜೀನುಗಳ ಹೆಸರನ್ನೇ ಬದಲಿಸಿದರು.

ಹೀಗೆ ಕಟ್ಟಿದ ಫೈಲನ್ನು ಇಮೇಲಿಗೆ ಬಾಲದಂತೆ ಅಂಟಿಸುವ ಇಂದಿನ ಪದ್ಧತಿಯ ಹಿಂದಿನವರಲ್ಲಿ ನೆಥೇನಿಯಲ್ ಬೋರೆನ್‌ಸ್ಟೈನ್ ಒಬ್ಬ. 1992ರ ಮಾರ್ಚಿನಲ್ಲಿ ಅವನು ಕಳಿಸಿದ ಮೊದಲ ಲಗತ್ತಿನಲ್ಲಿ ಇದ್ದದ್ದು ಅವನ ಹಾಡುಗಾರ ಗೆಳೆಯರ ಕೂಟದ ಫೋಟೊ ಮತ್ತು ಹಾಡು! ಅಲ್ಲಿಂದ ಇಳಿಯುತ್ತ ಇಳಿಯುತ್ತ ನಾವು ಬಾಕಿ ಪಟ್ಟಿಗೆ ಬಂದಿದ್ದೇವೆ.

ಸಾಹುಕಾರರು ಆ ಇಮೇಲ್ ತೆರೆಯುವುದಿಲ್ಲ. ಬೆಳಿಗ್ಗೆ ಅಂಗಡಿಯ ಹುಡುಗ ಪ್ರಿಂಟ್ ತೆಗೆದು ಕಿರ್ದಿಯಲ್ಲೇ ಗೋಂದು ಹಚ್ಚಿ ಅಂಟಿಸುತ್ತಾನೆ. ಲಕ್ಷ್ಮೀಪೂಜೆಗೆ ಅರಿಸಿನ-ಕುಂಕುಮ ಬೀಳುವುದೂ ಆ ಪುಸ್ತಕಕ್ಕೇ. ಲ್ಯಾಪ್‌ಟಾಪಿಗೆ ಹಚ್ಚೋಣವೆಂದರೆ ಕೀಲಿಗಳ ಸಂದಿಗೆ ಹೋಗುತ್ತದೆಂದು ನಾನೇ ತಡೆದೆ. ಹೋದ ತಿಂಗಳು ಸಾಹುಕಾರರು ಕನ್ನಡಕ ಏರಿಸಿ ಹಾಳೆ ನೋಡಿ, "ಲೆಕ್ಕ ಬರೋಬರಿ ಐತಿ. ಆದ್ರ ಇದು ಏನೂ ಮಾತಾಡೂದಿಲ್ಲಲ್ಲ?" ಎಂದರು.

ಅದಕ್ಕೇ ಹಾಳೆಯ ಕೊನೆಗೆ "ಶರಾ" ಎಂಬ ಅಂಕಣ ಸೇರಿಸಿದ್ದೇನೆ. ಡೇಟಾಬೇಸಿನಲ್ಲಿ ಅದನ್ನು ತುಂಬುವವರಿಲ್ಲ, ದಿನವೂ ಖಾಲಿ ಹೋಗುತ್ತಿದೆ. ನಿವೃತ್ತರಾದ ದಿವಾನಜಿಗಳು ಯಾರಾದರೂ ಇದನ್ನು ಓದುತ್ತಿದ್ದರೆ ಸಂಜೆ ಅರ್ಧ ಗಂಟೆ ಅಂಗಡಿಯ ಕಡೆ ಬನ್ನಿ. ಟೈಪ್ ಮಾಡುವುದು ನನ್ನ ಕೆಲಸ, ನೀವು ಹೇಳಿದರೆ ಸಾಕು. ಎಲೆ-ಅಡಿಕೆಯ ವ್ಯವಸ್ಥೆಯೂ ಇದೆ.