ಸೀಕಾಕಸ್ ಹೊಳೆ ದಂಡೆಯಲ್ಲಿ ಸಿಂಪಿಯ ಪಾಠ

ಈ ವಾರಾಂತ್ಯ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋದು ಅಂತ ಯೋಚಿಸುತ್ತಿದ್ದೀರಾ? ಸೀಕಾಕಸ್‌ನ ಮಿಲ್ ಕ್ರೀಕ್ ಮಾಲ್‌ಗೆ ಶಾಪಿಂಗ್‌ಗೆ ಹೋಗಿಯೇ ಇರುತ್ತೀರಿ. ಅದರ ಬೆನ್ನಿಗೇ ಇರುವ ಮಿಲ್ ಕ್ರೀಕ್ ಮಾರ್ಷ್‌ಗೆ ಒಮ್ಮೆ ಹೋಗಿ ನೋಡಿ. ನೀರು ಇಳಿತವಿದ್ದಾಗ ಕೆಸರಿನಲ್ಲಿ ಹಳೆಯ ಸೀಡರ್ ಮರಗಳ ಬುಡಗಳು ಕಾಣುತ್ತವೆ, ಅವುಗಳ ನಡುವೆ ಬೆಳ್ಳಕ್ಕಿಗಳು ಮೀನು ಹುಡುಕುತ್ತಿರುತ್ತವೆ.

"ಅಮ್ಮಾ, ಈ ನೀರು ಕ್ಲೀನಾ?" ಅಂತ ನನ್ನ ಮಗಳು ಅಲ್ಲಿ ಕೇಳಿದಳು. ನಿಮ್ಮ ಮಗುವೂ ಕೇಳಬಹುದು. ನಿಜವನ್ನೇ ಹೇಳಿಬಿಡಿ. ಒಂದು ಕಾಲಕ್ಕೆ ಸೀಕಾಕಸ್ ಹಂದಿ ಸಾಕಣೆಯ ವಾಸನೆಗೆ ಹೆಸರಾಗಿತ್ತು. ಸುತ್ತಲಿನ ಜೌಗಿನಲ್ಲಿ ದಶಕಗಟ್ಟಲೆ ಕಸ ಸುರಿದರು, ಕಾರ್ಖಾನೆಗಳಿಂದ ಪಾದರಸವೂ ಸೇರಿತು. 2022ರಲ್ಲಿ ಹ್ಯಾಕನ್‌ಸ್ಯಾಕ್ ನದಿಯ ಕೆಳಭಾಗ ಸೂಪರ್‌ಫಂಡ್ ಆದ್ಯತಾ ಪಟ್ಟಿಗೆ ಸೇರಿತು. ಅಂದರೆ, ದೇಶದಲ್ಲಿ ಮೊದಲು ಶುಚಿ ಮಾಡಬೇಕಾದ ಕಲುಷಿತ ಜಾಗಗಳಲ್ಲಿ ಇದೂ ಒಂದು.

ಆಮೇಲೆ ಸಿಂಪಿಯ ಕಥೆ ಹೇಳಿ. ಆಯ್‌ಸ್ಟರ್‌ಗೆ ನಮ್ಮಲ್ಲಿ ಸಿಂಪಿ ಎನ್ನುತ್ತಾರೆ. ಈ ನದಿ ಸೇರುವ ನ್ಯೂವಾರ್ಕ್ ಕೊಲ್ಲಿ, ಅದರಾಚೆಯ ನ್ಯೂಯಾರ್ಕ್ ಬಂದರು ಎಲ್ಲವೂ ಹಿಂದೆ ಸಿಂಪಿಗಳ ತವರು. ಲಿಬರ್ಟಿ, ಎಲ್ಲಿಸ್ ದ್ವೀಪಗಳನ್ನು ಡಚ್ಚರು ಆಯ್‌ಸ್ಟರ್ ದ್ವೀಪಗಳೆಂದೇ ಕರೆಯುತ್ತಿದ್ದರು. ಜನ ಮಿತಿಮೀರಿ ಬಾಚಿದರು, ಚರಂಡಿ ನೀರು ಬಿಟ್ಟರು. 1927ರಲ್ಲಿ ನ್ಯೂಯಾರ್ಕ್ ನಗರದ ಕೊನೆಯ ಸಿಂಪಿ ಹಾಸುಗಳನ್ನೂ ಮುಚ್ಚಬೇಕಾಯಿತು.

ಈಗ ಅವನ್ನು ಮರಳಿ ತರುವ ಕೆಲಸ ನಡೆದಿದೆ. ಗವರ್ನರ್ಸ್ ಐಲ್ಯಾಂಡ್‌ನಲ್ಲಿ 2014ರಲ್ಲಿ ಶುರುವಾದ ಬಿಲಿಯನ್ ಆಯ್‌ಸ್ಟರ್ ಪ್ರಾಜೆಕ್ಟ್, 2035ರೊಳಗೆ ಬಂದರಿನಲ್ಲಿ ನೂರು ಕೋಟಿ ಸಿಂಪಿ ಬಿಡುವ ಗುರಿ ಇಟ್ಟುಕೊಂಡಿದೆ. ರೆಸ್ಟೋರೆಂಟ್‌ಗಳಿಂದ ಖಾಲಿ ಚಿಪ್ಪು ತಂದು, ಸುಮಾರು ಒಂದು ವರ್ಷ ಬಯಲಿನಲ್ಲಿ ಒಣಗಿಸಿ, ತೊಟ್ಟಿಯಲ್ಲಿ ಸಿಂಪಿ ಮರಿಗಳನ್ನು ಅವಕ್ಕೆ ಅಂಟಿಕೊಳ್ಳಲು ಬಿಡುತ್ತಾರೆ. ಅಲ್ಲಿಯ ಹಾರ್ಬರ್ ಸ್ಕೂಲ್‌ನ ಹೈಸ್ಕೂಲ್ ಮಕ್ಕಳೂ ಇದರಲ್ಲಿ ಕೈಜೋಡಿಸುತ್ತಾರೆ. ಬೆಳೆದ ಒಂದು ಸಿಂಪಿ ಅನುಕೂಲ ಇದ್ದರೆ ದಿನಕ್ಕೆ 190 ಲೀಟರ್‌ವರೆಗೂ ನೀರು ಸೋಸುತ್ತದೆ. ನಾವು ಚಹಾ ಸೋಸುವ ಹಾಗೇ! ಪಾಚಿ, ಕೆಸರಿನ ಕಣಗಳನ್ನು ನೀರಿನಿಂದ ಬೇರ್ಪಡಿಸುತ್ತದೆ, ತಿಳಿನೀರು ಹೊರಗೆ ಬರುತ್ತದೆ.

ಆದರೆ ಸಿಂಪಿ ಮಂತ್ರದಂಡವಲ್ಲ. ತಳದ ಕೆಸರಿನಲ್ಲಿ ಕೂತ ಪಾದರಸವನ್ನು ಅದು ತೆಗೆಯಲಾರದು. ಜೋರು ಮಳೆಗೆ ಚರಂಡಿ ಉಕ್ಕಿ ಹೊಳೆಗೆ ಬರುವುದನ್ನು ತಡೆಯಲಾರದು. ಮೇಲಾಗಿ ಅದು ಸೋಸಿದ ಕೊಳೆಯಲ್ಲಿ ಸ್ವಲ್ಪ ಅದರ ಮೈಯಲ್ಲೇ ಉಳಿಯಬಹುದು. ಅದಕ್ಕೇ 2010ರಲ್ಲಿ ನ್ಯೂಜೆರ್ಸಿ ಸರ್ಕಾರ, ಯಾರಾದರೂ ಕದ್ದು ಮಾರಿದರೆ ತಿಂದವರಿಗೆ ಕಾಯಿಲೆ ಬಂದೀತೆಂದು, ಕೀಪೋರ್ಟ್‌ನಲ್ಲಿ ಪ್ರಯೋಗಕ್ಕೆ ಬಿಟ್ಟಿದ್ದ ಸಿಂಪಿಗಳನ್ನು ತೆಗೆಸಿಬಿಟ್ಟಿತು. ಮುಂದೆ ಅದೇ ಪ್ರಯೋಗ ಕಾವಲಿರುವ ನೌಕಾಪಡೆಯ ಅರ್ಲ್ ನೆಲೆಯ ನೀರಿನಲ್ಲಿ ನಡೆಯಿತು. ಸರ್ಕಾರ ಮಾಡಿದ್ದು ಸರಿಯೇ ಅಂತ ಊಟದ ಹೊತ್ತಿಗೆ ಮಕ್ಕಳನ್ನು ಕೇಳಿ ನೋಡಿ. ಕನ್ನಡದಲ್ಲೇ ವಾದ ಮಾಡಲಿ!

ಭರತ, ಇಳಿತ, ಜೌಗು, ಚಿಪ್ಪು, ಸೋಸು. ಈ ಪದಗಳನ್ನು ಫ್ಲ್ಯಾಶ್‌ಕಾರ್ಡ್‌ನಲ್ಲಿ ಕಲಿಸಲು ಹೋಗಿ ನಾನು ಸೋತಿದ್ದೆ. ಹೊಳೆ ದಂಡೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಬಂದವು. ಅಂದು ರಾತ್ರಿ ಮಗಳು ಕುಮಟಾದ ಅಜ್ಜಿಗೆ ಫೋನಿನಲ್ಲಿ ಸಿಂಪಿಯ ವಿಷಯ ಹೇಳಿದಳು.

"ಅಯ್ಯೋ, ನಮ್ಮ ಅಘನಾಶಿನಿ ಹೊಳೆಯ ಬಳಚಿನ ನೆಂಟ ಅಲ್ವಾ ಅದು! ಸುಕ್ಕ ಮಾಡಿದ್ರಾ?"

"ತಿನ್ನೋಕಲ್ಲ ಅಜ್ಜಿ, ನೀರು ಸೋಸೋಕೆ. ನಮ್ಮ ಹೊಳೆಗೆ ಹುಷಾರಿಲ್ಲ."

'ನಮ್ಮ ಹೊಳೆ' ಅಂದಿದ್ದು ಹ್ಯಾಕನ್‌ಸ್ಯಾಕನ್ನು. ನೀವೂ ಹೋಗಿ ಬನ್ನಿ. ಹೊರಡುವ ಮುಂಚೆ ಇಳಿತದ ಸಮಯ ನೋಡಿಕೊಳ್ಳಿ.